ದುರುಗಮ್ಮನ ಹೆಸರಿನ ಟ್ಯೂಬು

ಹೋದ ತಿಂಗಳು ಕೊಪ್ಪಳದ ನಮ್ಮ ಲ್ಯಾಬಿಗೆ ಯಲಬುರ್ಗಾ ಕಡೆಯ ಅಜ್ಜಿಯೊಬ್ಬಳು ಥೈರಾಯ್ಡ್ ಪರೀಕ್ಷೆಗೆ ಬಂದಿದ್ದಳು. ತೋಳಿಗೆ ಪಟ್ಟಿ ಬಿಗಿದು, ನರ ಹುಡುಕಿ, ಸೂಜಿ ಕೈಗೆತ್ತಿಕೊಂಡಿದ್ದೆ. ಅಜ್ಜಿ ನನ್ನ ಕಡೆ ಮುಖ ತಿರುಗಿಸಿ, "ಬಾಯಾಗ ನೀರ ಇಲ್ಲದಂಗ ಆಗೈತಿ ತಂಗಿ, ಒಂದ ಗುಟುಕು ಕುಡೀಲೇನು?" ಎಂದಳು. ಮಾತಿನ ಜೊತೆಗೆ ಸುಟ್ಟ ತಂಬಾಕಿನ ಪುಡಿಯ ವಾಸನೆ ಬಂತು. ನಮ್ಮ ಕಡೆಯ ಎಷ್ಟೋ ಹೆಂಗಸರು ಬೆಳಿಗ್ಗೆ ಎದ್ದು ಆ ಪುಡಿಯಿಂದಲೇ ಹಲ್ಲು ತಿಕ್ಕುತ್ತಾರೆ. ಅದು ನನಗೆ ಹೊಸ ವಾಸನೆಯಲ್ಲ. ಆದರೆ ಆ ಮಾತು ಮತ್ತು ಆ ವಾಸನೆ ಎರಡೂ ಒಟ್ಟಿಗೆ ಬಂದು ಆರು ವರ್ಷವಾಗಿತ್ತು. ಸೂಜಿ ನರ ತಪ್ಪಿತು. ಅಜ್ಜಿಯ ತೋಳಿನಲ್ಲಿ ನೀಲಿ ಗಂಟು ಎದ್ದಿತು. "ಹೊಸಬಳೇನವ್ವ ನೀನು?" ಎಂದು ಅಜ್ಜಿ ಮರುಕದಿಂದ ಕೇಳಿದಳು.

ಹೊಸಬಳಲ್ಲ. ಈ ಕೆಲಸದಲ್ಲಿ ಕೂದಲು ನೆರೆಯುವಷ್ಟು ದಿನ ಆಗಿಲ್ಲದಿದ್ದರೂ, ಕತ್ತಲಲ್ಲಿ ನರ ಹಿಡಿಯುವಷ್ಟು ಪಳಗಿದ್ದೇನೆ. ಆ ಒಂದು ಮುಂಗಾರಿನ ಸುದ್ದಿಯನ್ನು ಮಾತ್ರ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ, ಕಟ್ಟಿಕೊಂಡ ಗಂಡನ ಮುಂದೆಯೂ.

ಆಗ ನನಗೆ ಇಪ್ಪತ್ತಮೂರು. ಕುಷ್ಟಗಿಯ ಹುಡುಗಿ, ಡಿಪ್ಲೊಮಾ ಮುಗಿಸಿ ಗಂಗಾವತಿಯ ಒಂದು ಖಾಸಗಿ ಲ್ಯಾಬಿಗೆ ಸೇರಿದ್ದೆ. ಅಕ್ಕಿ ಗಿರಣಿಗಳ ಓಣಿಯಲ್ಲಿ ಬಾಡಿಗೆಯ ಕೋಣೆ. ಕೂತಲ್ಲಿ ನಿಂತಲ್ಲಿ ತೌಡಿನ ಧೂಳು. ನಮ್ಮ ಕುಷ್ಟಗಿಯಲ್ಲಿ ಮೋಡ ನೋಡಿ ನೋಡಿ ಕುತ್ತಿಗೆ ನೋಯಿಸಿಕೊಳ್ಳುವ ಹೊತ್ತಿಗೆ ಇಲ್ಲಿ ಕಾಲುವೆ ತುಂಬಿ ಬರುತ್ತಿತ್ತು. ಕಣ್ಣು ಹಾಯುವವರೆಗೆ ಗದ್ದೆ, ಗದ್ದೆಯ ತುಂಬ ನೀರು, ನೀರಿನ ತುಂಬ ಬಗ್ಗಿದ ಹೆಂಗಸರು. ನಾನು ಮೊದಲ ಸಲ ನೋಡಿದಾಗ ಬಸ್ಸಿನ ಕಿಟಕಿಯಿಂದ ಫೋಟೋ ಹೊಡೆದುಕೊಂಡೆ. ಎಷ್ಟು ಚೆಂದ ಎಂದು ಅವ್ವನಿಗೆ ಕಳಿಸಿದೆ. ಅಷ್ಟೇ ತಿಳಿವಳಿಕೆ ಇದ್ದದ್ದು ನನಗೆ.

ಆ ವರ್ಷ ವಿನಯಾ ಎಂಬ ಡಾಕ್ಟರು ನಮ್ಮ ಲ್ಯಾಬಿಗೆ ಬಂದರು. ಮೈಸೂರು ಕಡೆಯವರು, ದೂರದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ನಾಟಿ ಹಚ್ಚುವ ಹೆಂಗಸರ ಮೈಮೇಲೆ ಆ ದುಡಿಮೆ ಏನು ಮಾಡುತ್ತದೆ ಎಂದು ತಿಳಿಯುವುದು ಅವರ ಅಧ್ಯಯನ. ಅದಕ್ಕೆ ಕಾರ್ಟಿಸೋಲ್ ಎಂಬ ಹಾರ್ಮೋನು ಅಳೆಯಬೇಕಿತ್ತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಎರಡು ಪುಟ್ಟ ಗ್ರಂಥಿಗಳು ಅದನ್ನು ರಕ್ತಕ್ಕೆ ಬಿಡುತ್ತವೆ. ಬೆಳಿಗ್ಗೆ ಏಳುವಾಗ ಏರುತ್ತದೆ, ಸಂಜೆಗೆ ಇಳಿಯುತ್ತದೆ. ಮನುಷ್ಯ ಹಾಸಿಗೆಯಿಂದ ಎದ್ದು ನಿಲ್ಲುವುದೇ ಅದರ ಬಲದಿಂದ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು.

ಮೊದಲು ರಕ್ತವನ್ನೇ ತೆಗೆಯುವ ವಿಚಾರವಿತ್ತು. ಆರಿಸಿಕೊಂಡ ಊರಿಗೆ ಹೋದರೆ ಹೆಂಗಸರು ಸೂಜಿ ಕಂಡು ಎದ್ದೇ ಹೋದರು. "ಮುಂಜಾನಿ ರಕ್ತಾ ಕೊಟ್ಟು ದಿನಾನೂ ಕೆಸರಾಗ ಬಗ್ಗಾಕ ಆಕ್ಕೈತೇನ್ರಿ?" ಎಂದು ಕೇಳಿದವಳು ದುರುಗಮ್ಮ. ಒಂಬತ್ತು ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಯಾರ ಗದ್ದೆಗೆ ಯಾವಾಗ ಹೋಗಬೇಕು ಎಂದು ಮಾತಾಡುವವಳು, ನಸುಕಿನಲ್ಲಿ ಎಲ್ಲರ ಬಾಗಿಲು ಬಡಿದು ಎಬ್ಬಿಸುವವಳು. ಡಾಕ್ಟರು ನಕ್ಕು, "ಬೇಡ ಬಿಡಿ, ರಕ್ತದಲ್ಲಿರುವುದು ಜೊಲ್ಲಿನಲ್ಲೂ ಸ್ವಲ್ಪ ಸಿಗುತ್ತೆ. ಜೊಲ್ಲು ಕೊಡಿ" ಎಂದರು. ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಓದಿದ ಮಂದಿ ಉಗುಳು ಕೇಳಿಕೊಂಡು ಬಂದಿದ್ದಾರೆ ಎಂಬುದು ಎರಡು ದಿನ ಊರ ತುಂಬ ಮಾತಾಯಿತು.

ಮೂವತ್ತು ಹೆಂಗಸರು. ದಿನಕ್ಕೆ ಮೂರು ಟ್ಯೂಬು: ಎದ್ದ ಕೂಡಲೇ ಒಂದು, ಅರ್ಧ ಗಂಟೆ ಬಿಟ್ಟು ಒಂದು, ಸಂಜೆ ಒಂದು. ತಲೆ ತಗ್ಗಿಸಿ ಬಾಯಿಯಲ್ಲಿ ತಾನಾಗಿ ಕೂಡಿದ ಜೊಲ್ಲನ್ನು ಟ್ಯೂಬಿಗೆ ಇಳಿಬಿಡಬೇಕು. ಬೆಳಗಿನ ಟ್ಯೂಬಿಗೆ ಮುಂಚೆ ಚಹಾ ಇಲ್ಲ, ಎಲೆ ಅಡಿಕೆ ಇಲ್ಲ, ತಂಬಾಕಿನ ಪುಡಿ ಇಲ್ಲ. ಹೆಸರಿನ ಚೀಟಿ ಅಂಟಿಸಿ ಐಸ್ ಡಬ್ಬಿಯಲ್ಲಿಟ್ಟು ಲ್ಯಾಬಿಗೆ ತಂದರೆ, ಅಲ್ಲಿಂದ ದೊಡ್ಡ ಊರಿನ ಲ್ಯಾಬಿಗೆ ಹೋಗುತ್ತಿತ್ತು. ನಸುಕಿನಲ್ಲಿ ಊರಲ್ಲೇ ಇರಬೇಕಾದ್ದರಿಂದ ಅಂಗನವಾಡಿ ಟೀಚರ ಮನೆಯ ಹೊರಗೋಣೆಯಲ್ಲಿ ಉಳಿದುಕೊಂಡೆ. ಬಿಳಿ ಕೋಟು ಹಾಕಿಕೊಂಡು ಓಣಿಯಲ್ಲಿ ನಡೆದರೆ ಮಕ್ಕಳು "ಸಿಸ್ಟರ್ ಬಂದ್ರು" ಎಂದು ಕೂಗುತ್ತಿದ್ದವು. ನನಗೆ ಅದು ಭಾಳ ಹಿಡಿಸಿತ್ತು.

ಮೊದಲ ಸುತ್ತಿನ ಟ್ಯೂಬುಗಳು ನೋಡುವ ಹಾಗಿರಲಿಲ್ಲ. ಅರ್ಧ ಕಂದು ಬಣ್ಣ; ತಂಬಾಕು ತಿಕ್ಕದೆ ಕಣ್ಣೇ ಬಿಡದವರವು. ಇನ್ನರ್ಧ ತಿಳಿ ನೀರು. ಅದು ಹೇಗಾಯಿತು ಎಂದರೆ, ಎಂಜಲನ್ನು ಇನ್ನೊಬ್ಬರ ಕೈಗೆ ಕೊಡುವುದೇ ತಪ್ಪು, ಅದರಲ್ಲೂ ರಾತ್ರಿಯ ಬಾಯಿಯ ಎಂಜಲು ಕೊಡುವುದು ಹೇಗೆ ಎಂದು ಅವರು ನನ್ನ ಮೇಲಿನ ಮರ್ಯಾದೆಗೆ ಎರಡೆರಡು ಸಲ ಬಾಯಿ ಮುಕ್ಕಳಿಸಿ, ಆ ನೀರಿನ ಸಮೇತ ಕೊಟ್ಟಿದ್ದರು. "ನೀ ಮೈಲಿಗಿ ಆಗಬಾರದಲ್ಲವ್ವ" ಎಂದು ಈರಮ್ಮ ಎಂಬ ಹೆಂಗಸು ತಿಳಿಸಿ ಹೇಳಿದಳು. ಅವರ ಆ ಮರ್ಯಾದೆ ನನಗೆ ಆಗ ಬರೀ ದಡ್ಡತನವಾಗಿ ಕಂಡಿತು. ವಿನಯಾ ಡಾಕ್ಟರು ಟ್ಯೂಬುಗಳನ್ನು ಬೆಳಕಿಗೆ ಹಿಡಿದು, ಲ್ಯಾಬಿನ ಎಲ್ಲರ ಎದುರಿಗೆ, "ಶಶಿಕಲಾ, ಇದನ್ನು ತರೋಕೆ ನಿಮ್ಮನ್ನು ಕಳಿಸಬೇಕಿತ್ತಾ?" ಎಂದರು. ಅಷ್ಟೇ ಅಂದದ್ದು. ನನಗೆ ಮಾತ್ರ ಕೆನ್ನೆಗೆ ಹೊಡೆದ ಹಾಗಾಯಿತು. ಎರಡನೇ ಸುತ್ತಿನಲ್ಲಿ ಒಂದು ಟ್ಯೂಬೂ ಕೆಡಬಾರದು ಎಂದು ಹಟ ಹಿಡಿದೆ. ಹೆಂಗಸರಿಗೆ ಸರಿಯಾಗಿ ಕಲಿಸಬೇಕು ಎಂದಲ್ಲ, ನಾನು ಇನ್ನೊಮ್ಮೆ ತಲೆ ತಗ್ಗಿಸಬಾರದು ಎಂದು.

ಎರಡನೇ ಸುತ್ತಿನ ಹೊತ್ತಿಗೆ ನಾಟಿ ಜೋರಾಗಿತ್ತು. ಪಕ್ಕದ ಊರುಗಳಿಂದ ಟ್ರ್ಯಾಕ್ಟರುಗಳು ಬಂದು ಹೆಂಗಸರನ್ನು ಗುಂಪು ಗುಂಪಾಗಿ ಒಯ್ಯುತ್ತಿದ್ದವು. ಮಳೆ ದೊಡ್ಡದಾಗಿ ಬರುತ್ತಿರಲಿಲ್ಲ, ಆದರೆ ಜಿಟಿಜಿಟಿ ಹನಿ ಬಿಡುತ್ತಲೂ ಇರಲಿಲ್ಲ. ಕೆಸರಿನಲ್ಲಿ ನಿಂತು ನಿಂತು ಹೆಂಗಸರ ಕಾಲ್ಬೆರಳ ಸಂದುಗಳು ಬಿಳಿಚಿ ಒಡೆದಿದ್ದವು. ದುರುಗಮ್ಮನ ಮನೆಗೆ ನಾನು ಹೋದಾಗ ಅವಳು ಗೋಡೆ ಹಿಡಿದು ಕೂತಿದ್ದಳು. ನಲವತ್ತು ದಾಟಿರದ ಹೆಂಗಸು, ಆ ಹೊತ್ತಿಗೆ ತೀರ ಇಳಿದುಹೋಗಿದ್ದಳು. ರವಿಕೆ ತೋಳಿನಲ್ಲಿ ಜೋತಾಡುತ್ತಿತ್ತು. ಮೊದಲಿಗಿಂತ ಕಪ್ಪಾಗಿದ್ದಳು. ಅದನ್ನು ಆಡಿ ತೋರಿಸಿದರೆ, "ಬಿಸಿಲಾಗ ದುಡಿಯೋರು ಕಪ್ಪಾಗದ ಮತ್ತೇನ ಬೆಳ್ಳಗಾಕ್ಕಾರೇನು?" ಎಂದು ಅವಳ ಗಂಡ ಹನುಮಪ್ಪ ನಗುತ್ತಿದ್ದ. ಸೆರಗಿನ ತುದಿಯಲ್ಲಿ ಹರಳುಪ್ಪು ಕಟ್ಟಿಕೊಂಡು ಆಗಾಗ ನೆಕ್ಕುತ್ತಿದ್ದಳು. ಬಸುರಿಯೇನೋ ಎಂದು ಗುಂಪಿನವರು ಕಾಡಿಸುತ್ತಿದ್ದರು.

"ಬಾಯಾಗ ನೀರ ಇಲ್ಲ ತಂಗಿ," ಎಂದಳು. ಟ್ಯೂಬು ಕೊಟ್ಟೆ. ಅವಳು ತಲೆ ತಗ್ಗಿಸಿ ಕೂತು ಹೊತ್ತು ಹೋಯಿತು. ಹೊರಗೆ ಟ್ರ್ಯಾಕ್ಟರ್ ಹಾರ್ನು. ಕೊನೆಗೆ ಟ್ಯೂಬಿನ ತಳದಲ್ಲಿ ಒಂದಿಷ್ಟು ಕಂದು ನೊರೆ ಕೂತಿತು. ಎದ್ದ ಕೂಡಲೇ ಅಭ್ಯಾಸಬಲದಿಂದ ಬೆರಳಿಗೆ ಪುಡಿ ಹಚ್ಚಿದ್ದಳು. "ಮರತ ಬಿಟ್ಟೆ ನೋಡವ್ವ. ನಾಳೆ ನೀ ಎಬ್ಬಿಸಾಕ ಬಾ, ಖರೇನ ಕೊಡ್ತೀನಿ," ಎಂದು ತಪ್ಪು ಮಾಡಿದವಳ ಹಾಗೆ ಹೇಳಿ, ಗೋಡೆಯ ಆಸರೆಯಿಂದ ಎದ್ದು, ಟ್ರ್ಯಾಕ್ಟರ್ ಏರಿ ಹೋದಳು.

ಮರುದಿನ ಹೋಗಬಹುದಿತ್ತು. ಇನ್ನೂ ನಸುಕಿಗೆ, ಅವಳು ಕಣ್ಣು ಬಿಡುವ ಮುನ್ನ ಹೋಗಿ ಕೂತಿದ್ದರೆ ಆಗುತ್ತಿತ್ತು. ಆದರೆ ಆ ಟ್ಯೂಬು ಕೈಯಲ್ಲಿ ಬೆಚ್ಚಗಿತ್ತು, ವಾಸನೆ ಹೊಡೆಯುತ್ತಿತ್ತು, ನನಗೆ ಹೇಸಿಕೆ ಬಂದಿತ್ತು. ಲ್ಯಾಬಿನಲ್ಲಿ ರಕ್ತ, ಉಚ್ಚೆ, ಕಫ ಎಲ್ಲ ಮುಟ್ಟಿದವಳಿಗೆ ಒಬ್ಬ ಹೆಂಗಸಿನ ಬಾಯಿಯ ನೀರಿಗೆ ವಾಕರಿಕೆ. ಟ್ಯೂಬನ್ನು ಗಟಾರಕ್ಕೆ ಎಸೆದೆ. ಹೊರಗೋಣೆಗೆ ಬಂದು, ಬಾಗಿಲು ಮುಂದೆ ಮಾಡಿ, ಹೊಸ ಟ್ಯೂಬಿಗೆ ದುರುಗಮ್ಮನ ಹೆಸರಿನ ಚೀಟಿ ಅಂಟಿಸಿದೆ. ಹಲ್ಲುಜ್ಜಿರಲಿಲ್ಲ, ಚಹಾ ಕುಡಿದಿರಲಿಲ್ಲ. ತಲೆ ತಗ್ಗಿಸಿದೆ. ನನ್ನ ಬಾಯಿಯಲ್ಲಿ ನೀರಿಗೆ ಬರವಿರಲಿಲ್ಲ. ಎರಡು ನಿಮಿಷದಲ್ಲಿ ಟ್ಯೂಬು ತುಂಬಿತು. ಅರ್ಧ ಗಂಟೆಯ ಮೇಲೆ ಅವಳದೇ ಎರಡನೇ ಟ್ಯೂಬಿಗೂ ಹಾಗೇ ಮಾಡಿದೆ. ಸಂಜೆಯದಕ್ಕೂ ಅವಳಿಗಾಗಿ ಕಾಯಲಿಲ್ಲ.

ಒಂದು ಸಲ ಮಾಡಿದ ಮೇಲೆ ಎರಡನೆಯದು ಸುಲಭ. ಆ ವಾರ ಹೊಂದಿಸಲಾಗದ ಟ್ಯೂಬುಗಳಿಗೆಲ್ಲ ಇದೇ ಉಪಾಯ. ಯಾರು ಬೇಗ ಹೊರಟರೋ, ಯಾರ ಮನೆ ದೂರವೋ, ಯಾರ ಬಾಯಿ ನನಗೆ ಹೇಸಿಕೆಯೋ ಅವರದೆಲ್ಲ. ಡಾಕ್ಟರು ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡಿ, "ನೋಡಿ, ಮನಸ್ಸು ಮಾಡಿದರೆ ಎಷ್ಟು ಚೆನ್ನಾಗಿ ಮಾಡ್ತೀರಿ!" ಎಂದು ಬೆನ್ನು ತಟ್ಟಿದರು. ಇದನ್ನು ಬರೆಯುವಾಗ ಮೈ ಬೆಂಕಿಯಾಗುತ್ತದೆ: ಆ ಹೊಗಳಿಕೆಗೆ ನನಗೆ ನಿಜಕ್ಕೂ ಖುಷಿಯಾಗಿತ್ತು.

ಹದಿನೈದು ದಿನದ ಮೇಲೆ ಡಾಕ್ಟರು ಬಿ.ಪಿ. ನೋಡಲು, ತೂಕ ನೋಡಲು ತಾವೇ ಊರಿಗೆ ಬಂದರು. ಅಂಗನವಾಡಿಯ ಕಟ್ಟೆಯ ಮೇಲೆ ಸಾಲಾಗಿ ಹೆಂಗಸರು ಕೂತಿದ್ದರು. ದುರುಗಮ್ಮನ ಬಿ.ಪಿ. ಎರಡು ಸಲ ನೋಡಿದರು. ನಿಲ್ಲಿಸಿ ಮತ್ತೆ ನೋಡಿದರು; ನಿಂತ ಕೂಡಲೇ ಅವಳಿಗೆ ಕಣ್ಣು ಕತ್ತಲೆ ಬಂತು. ಅಂಗೈ ತಿರುಗಿಸಿ ಗೆರೆಗಳನ್ನು ನೋಡಿದರು. ಗೆರೆಗಳೊಳಗೆ ಕಪ್ಪಿತ್ತು. ಬಾಯಿ ತೆರೆಸಿ ವಸಡು ನೋಡಿದರು. ಅಲ್ಲಲ್ಲಿ ಮಸಿ ಮೆತ್ತಿದಂತಿತ್ತು.

"ತಂಬಾಕ ತಿಕ್ತೀನಲ್ರಿ, ಅದಕ್ಕ," ಎಂದು ದುರುಗಮ್ಮ ನಾಚಿಕೊಂಡಳು.

"ಅಂಗೈಗೂ ತಿಕ್ತೀರಾ?" ಎಂದರು ಡಾಕ್ಟರು. ನಗಲಿಲ್ಲ. "ಮೊದಲು ಯಾವುದಾದರೂ ದೊಡ್ಡ ಕಾಯಿಲೆ ಆಗಿತ್ತಾ?"

"ಟಿ.ಬಿ. ಆಗಿತ್ರಿ, ನನ್ನ ಮಗಳು ಸಣ್ಣಾಕಿದ್ದಾಗ. ಆರ ತಿಂಗಳ ಗುಳಿಗಿ ನುಂಗೀನ್ರಿ."

ಡಾಕ್ಟರು ಆ ದಿನವೇ ರಕ್ತ ಕೇಳಿದರು. ನಾಟಿ ಮುಗಿಯಲಿ, ಗುಂಪು ಬಿಟ್ಟು ಕೂತರೆ ಹೇಗೆ ಎಂದು ದುರುಗಮ್ಮ ಕೈಮುಗಿದಳು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಆ ಪುಟ್ಟ ಗ್ರಂಥಿಗಳೇ ಸೋತುಹೋಗಿರಬಹುದು, ಟಿ.ಬಿ. ಆದವರಲ್ಲಿ ಕೆಲವರಿಗೆ ಹೀಗಾಗುತ್ತದೆ, ಹಾಗಿದ್ದರೆ ಬೆಳಗಿನ ಜೊಲ್ಲಿನಲ್ಲೇ ಕಾರ್ಟಿಸೋಲ್ ತೀರ ಕಡಿಮೆ ಕಾಣುತ್ತದೆ ಎಂದರು. ಆಮೇಲೆ ನೇರ ನನ್ನ ಕಣ್ಣು ನೋಡಿ ಕೇಳಿದರು, "ಈಕೆಯ ಬೆಳಗಿನ ಟ್ಯೂಬನ್ನು ಹುಷಾರಾಗಿ ತೆಗೆದಿದ್ದೀರಲ್ಲ?"

"ಹೌದು ಮೇಡಂ."

ಎರಡೇ ಪದ. ಅಲ್ಲಿ ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಸುಳ್ಳು ಹೇಳಲು ಯೋಚಿಸಲೂ ಇಲ್ಲ, ನಾಲಿಗೆ ತಾನೇ ಹೊರಳಿತು. ಆಮೇಲೆ ದಾರಿಯಲ್ಲಿ, ನಾಳೆ ಹೋಗಿ ಅವಳ ಖರೆ ಜೊಲ್ಲು ತಂದು ಟ್ಯೂಬು ಬದಲಿಸಿಬಿಟ್ಟರಾಯಿತು ಎಂದು ಲೆಕ್ಕ ಹಾಕಿದೆ. ಲ್ಯಾಬಿಗೆ ಬಂದು ಕೇಳಿದರೆ ಡಬ್ಬಿ ಆಗಲೇ ಹೊರಟುಹೋಗಿತ್ತು. ಆಗಲೂ ಡಾಕ್ಟರ ನಂಬರು ನನ್ನ ಫೋನಿನಲ್ಲಿತ್ತು. ಒತ್ತಲಿಲ್ಲ. ಡಾಕ್ಟರು ಅನುಮಾನಿಸಿದ್ದು ಸುಳ್ಳಾಗಲಿ ಎಂದು ಹುಲಿಗೆಮ್ಮನಿಗೆ ಹರಕೆ ಹೊತ್ತೆ. ಇನ್ನೊಬ್ಬರ ಜೀವದ ಮೇಲೆ ಹರಕೆ ಹೊರುವುದು ಫೋನು ಮಾಡುವುದಕ್ಕಿಂತ ಸಲೀಸಾಗಿತ್ತು.

ಗದ್ದೆಗಳು ಹಸಿರಾಗಿ, ಪೈರು ಮೊಣಕಾಲಿಗೆ ಬಂದ ಹೊತ್ತಿಗೆ ರಿಪೋರ್ಟು ಬಂದವು. ಡಾಕ್ಟರು ಫೋನು ಮಾಡಿ, "ದುರುಗಮ್ಮನದು ಪೂರ್ತಿ ನಾರ್ಮಲ್. ಬೆಳಿಗ್ಗೆ ಚೆನ್ನಾಗಿ ಏರಿದೆ, ಸಂಜೆ ಸರಿಯಾಗಿ ಇಳಿದಿದೆ. ನನ್ನ ಅನುಮಾನ ತಪ್ಪಾಯಿತು, ಒಳ್ಳೆಯದೇ ಆಯಿತು," ಎಂದರು. ಅವರ ದನಿಯಲ್ಲಿ ನಿರಾಳ ಇತ್ತು. ಅದು ನನ್ನ ಆರೋಗ್ಯದ ವರದಿ. ಇಪ್ಪತ್ತಮೂರು ವರ್ಷದ, ಹೊಟ್ಟೆ ತುಂಬ ಉಂಡು ನಿದ್ದೆ ಮಾಡುವ ಹುಡುಗಿಯ ವರದಿ. ಮೂವತ್ತೂ ಕಾಗದ ಹಿಡಿದು ನಾನೇ ಊರಿಗೆ ಹೋಗಿ ಮನೆ ಮನೆಗೆ ಹಂಚಿದೆ. ದುರುಗಮ್ಮ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮಗಳು ರೇಣುಕಾ ಪಿಯುಸಿ ಓದುತ್ತಿದ್ದಳು. ಎಲ್ಲ ಅಂಕಿ ಓದಿ ಹೇಳಿ, ಅದನ್ನು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಟ್ಟಳು.

ಆ ಕಾಗದ ಆ ಮನೆಯಲ್ಲಿ ಏನು ಮಾಡಿತು ಎಂದು ನನಗೆ ಗೊತ್ತಾದದ್ದು ತಡವಾಗಿ. ದುರುಗಮ್ಮ ಸುಸ್ತು ಎಂದು ಮಲಗಿದರೆ ಹನುಮಪ್ಪ, "ಎಲ್ಲಾ ಛಲೋ ಐತಿ ಅಂತ ಡಾಕ್ಟರ ಬರದು ಕೊಟ್ಟಾರ. ಮತ್ಯಾತರ ಸುಸ್ತು?" ಎನ್ನುತ್ತಿದ್ದನಂತೆ. ಗುಂಪಿನವರು ಮೈಗಳ್ಳಿ ಎಂದರು. ಅವಳ ಬದಲು ಬೇರೆಯವಳು ಮುಂದಾಳಾದಳು. ದುರುಗಮ್ಮನೂ ತನ್ನನ್ನೇ ಬೈದುಕೊಂಡು, ಉಪ್ಪು ನೆಕ್ಕಿಕೊಂಡು ಕಳೆ ತೆಗೆಯಲು ಹೋಗುತ್ತಿದ್ದಳು. ಮೈಯೊಳಗೆ ಏನೋ ಸರಿಯಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆ ಗೊತ್ತನ್ನು ಸುಳ್ಳು ಮಾಡಿದವಳು ನಾನು.

ಸುಗ್ಗಿ. ಕೊಯ್ಲಿನ ಮಷಿನ್ನುಗಳು ಗದ್ದೆಗಿಳಿದಿದ್ದವು, ರಸ್ತೆಯ ತುಂಬ ನೆಲ್ಲು ಹರಡಿತ್ತು. ಒಂದು ಮಧ್ಯಾಹ್ನ ರೇಣುಕಾಳ ಫೋನು. "ಅಕ್ಕಾರ, ಅವ್ವನ್ನ ಗಂಗಾವತಿ ದವಾಖಾನಿಗೆ ತಂದೀವ್ರಿ. ಎರಡ ದಿನಾ ಆತು, ಜ್ವರಾ, ವಾಂತಿ. ಮಾತ ಆಡವಲ್ಲಳ್ರಿ. ನೀವ ಬರ್ರಿ." ನಮ್ಮ ಲ್ಯಾಬಿನಿಂದ ಮೂರು ಓಣಿ ಆಚೆಗಿನ ಆಸ್ಪತ್ರೆ. ಓಡಿದೆ.

ದುರುಗಮ್ಮ ಮಂಚಕ್ಕೆ ಅಂಟಿಕೊಂಡಿದ್ದಳು. ಸಲೈನ್ ಹೋಗುತ್ತಿತ್ತು, ಬಿ.ಪಿ. ಮೇಲೇಳುತ್ತಿರಲಿಲ್ಲ. ಅಲ್ಲಿಯ ಡಾಕ್ಟರ ಕೈಯಲ್ಲಿ ಆ ಕಾಗದ ಇತ್ತು. ಅವ್ವನ ಎಲ್ಲ ಪರೀಕ್ಷೆ ಆಗಿವೆ ಎಂದು ರೇಣುಕಾ ಟ್ರಂಕಿನಿಂದ ತೆಗೆದುಕೊಂಡು ಬಂದಿದ್ದಳು. "ಹಾರ್ಮೋನ್ ಅಂತೂ ಸರಿ ಐತಿ. ಅದನ್ನ ಬಿಟ್ಟು ಬ್ಯಾರೆ ಹುಡುಕಬೇಕು," ಎಂದು ಅವರು ನರ್ಸಿಗೆ ಹೇಳುತ್ತಿದ್ದರು. ರೇಣುಕಾ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವೆತಿತ್ತು.

ವರಾಂಡಕ್ಕೆ ಬಂದು ವಿನಯಾ ಡಾಕ್ಟರಿಗೆ ಫೋನು ಮಾಡಿದೆ. ಹೇಳಬೇಕಾದ್ದು ಒಂದೇ ವಾಕ್ಯ. ಹೊರಗೆ ಬಂದದ್ದು ಬೇರೆ. "ಮೇಡಂ, ದುರುಗಮ್ಮನ ಟ್ಯೂಬು ಅಲ್ಲಿ, ಆ ದೊಡ್ಡ ಲ್ಯಾಬಿನಲ್ಲಿ, ಅದಲು ಬದಲಾಗಿರಬಹುದು ಅನ್ನಿಸ್ತದೆ." ಆ ಲ್ಯಾಬಿನಲ್ಲಿ ಯಾರ ಮುಖವೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದವರ ತಲೆಗೆ ಕಟ್ಟುವುದು ಅನುಕೂಲವಾಯಿತು. ಡಾಕ್ಟರು ತಡಮಾಡದೆ ಹೇಳಿದರು, "ಫೋನು ಅಲ್ಲಿಯ ಡಾಕ್ಟರಿಗೆ ಕೊಡಿ. ಬೇಗ." ಎರಡು ನಿಮಿಷ ಅವರಿಬ್ಬರು ಮಾತಾಡಿದರು. ರಕ್ತ ತೆಗೆದು ಕೂಡಲೇ ಆ ಹಾರ್ಮೋನಿನ ಇಂಜೆಕ್ಷನ್ ಕೊಡಿ, ರಿಪೋರ್ಟಿಗೆ ಕಾಯಬೇಡಿ ಎಂದರಂತೆ.

ರಕ್ತ ತೆಗೆದವಳು ನಾನೇ. ನರಗಳು ಕುಸಿದಿದ್ದವು, ಮೂರು ಕಡೆ ಚುಚ್ಚಿದೆ. ದುರುಗಮ್ಮ ಕಣ್ಣು ಬಿಡಲಿಲ್ಲ, ನೋವಿಗೆ ಹುಬ್ಬು ಗಂಟಿಕ್ಕಿದಳು. ಟ್ಯೂಬಿಗೆ ಅವಳ ಹೆಸರಿನ ಚೀಟಿ ಅಂಟಿಸುವಾಗ ರೇಣುಕಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಈ ಸಲ ಒಳಗಿದ್ದದ್ದು ಆ ಹೆಸರಿನವಳದೇ. ಸಂಜೆ ನಮ್ಮ ಮಷಿನ್ನಿನ ತೆರೆಯ ಮೇಲೆ ಅಂಕಿ ಬಂತು. ಇದ್ದೂ ಇಲ್ಲದಷ್ಟು. ಆ ಅಂಕಿ ಇಟ್ಟುಕೊಂಡು ಅವಳು ಆ ಮುಂಗಾರು ಪೂರ್ತಿ ಕೆಸರಿನಲ್ಲಿ ಬಗ್ಗಿದ್ದಳು.

ಮರುದಿನ ಬೆಳಿಗ್ಗೆ ಹೋದರೆ ದಿಂಬಿಗೆ ಒರಗಿ ಕೂತು ರೊಟ್ಟಿ ಕೇಳುತ್ತಿದ್ದಳು. ಹನುಮಪ್ಪ ಮಂಚದ ಕೆಳಗೆ ಕೂತು ಅಳುತ್ತಿದ್ದ. ದುರುಗಮ್ಮ ನನ್ನನ್ನು ಹತ್ತಿರ ಕರೆದು ಕೆನ್ನೆ ಸವರಿ ನೆಟಿಗೆ ಮುರಿದಳು. "ತಂಗಿ, ಟ್ಯೂಬ್ ಅದಲಬದಲ ಆಗೈತಿ ಅಂತ ನೀ ಹೇಳಲಿಲ್ಲಂದ್ರ ನಾ ಎಲ್ಲಿ ಇರತಿದ್ದೆ? ನಮ್ಮ ಎಂಜಲಕ್ಕ ಹೇಸದ ಮನಿ ಮನಿ ತಿರಿಗಿದಾಕಿ ನೀನು." ಅವಳ ಮಾತು ಮುಗಿಯುವ ಮೊದಲೇ ಕೆಲಸವಿದೆ ಎಂದು ಎದ್ದುಬಂದೆ. ಎರಡು ತಿಂಗಳಲ್ಲಿ ಗಂಗಾವತಿಯ ಕೆಲಸ ಬಿಟ್ಟೆ. ಕೊಪ್ಪಳ ಹತ್ತಿರ, ಅವ್ವನಿಗೆ ಅನುಕೂಲ ಎಂದು ಎಲ್ಲರಿಗೂ ಹೇಳಿದೆ. ವಿನಯಾ ಡಾಕ್ಟರು ಅಧ್ಯಯನ ಮುಗಿಸಿ ಎಲ್ಲಿಗೋ ವರ್ಗವಾಗಿ ಹೋದರು. ರೇಣುಕಾ ವರ್ಷಕ್ಕೊಂದು ಸಲ ಹಬ್ಬಕ್ಕೆ ಮೆಸೇಜು ಕಳಿಸುತ್ತಿದ್ದಳು. ಒಂದಕ್ಕೂ ನೆಟ್ಟಗೆ ಉತ್ತರಿಸಿಲ್ಲ.

ಅಜ್ಜಿಯ ತೋಳಿಗೆ ಮುಲಾಮು ಹಚ್ಚಿ ಕಳಿಸಿದ ಮುಂದಿನ ಭಾನುವಾರ, ಗಂಡನಿಗೆ ಎಲ್ಲ ಹೇಳಿದೆ. ಅವನು, "ಬದುಕಿದಾಳಲ್ಲ, ಮತ್ಯಾಕ ಕೆದಕ್ತಿ?" ಎಂದ. ಅದೇ ಮಾತನ್ನು ಆರು ವರ್ಷ ನಾನೇ ನನಗೆ ಹೇಳಿಕೊಂಡಿದ್ದೆ. ಅವನ ಬಾಯಲ್ಲಿ ಕೇಳಿದಾಗ ಅದು ಎಷ್ಟು ಕೆಟ್ಟದಾಗಿದೆ ಎಂದು ತಿಳಿಯಿತು. ಬಸ್ ಹತ್ತಿದೆ.

ದುರುಗಮ್ಮ ಮನೆಯ ಮುಂದೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಮೈ ತುಂಬಿಕೊಂಡಿದೆ, ಬಣ್ಣ ತಿಳಿಯಾಗಿದೆ. ದಿನಾ ಗುಳಿಗೆ ನುಂಗಬೇಕು, ಒಂದು ದಿನವೂ ತಪ್ಪಿಸುವಂತಿಲ್ಲ. ನಾಟಿಗೆ ಹೋಗುವುದು ಬಿಟ್ಟಿದ್ದಾಳೆ. ರೇಣುಕಾಳನ್ನು ತಳಕಲ್ ಊರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಇಷ್ಟೂ ಸುದ್ದಿಯನ್ನು ಅವಳು ಒಂದೇ ಉಸಿರಿಗೆ ಹೇಳಿ, ಚಾಪೆ ಹಾಸಿ, ಮಜ್ಜಿಗೆ ತಂದಿಟ್ಟಳು. ನಾನು ಮುಟ್ಟಲಿಲ್ಲ.

"ದುರುಗಕ್ಕ, ಟ್ಯೂಬ್ ಅದಲಬದಲ ಆಗಿರಲಿಲ್ಲ. ನಿನ್ನ ಹೆಸರಿನ ಟ್ಯೂಬಿನೊಳಗ ಇದ್ದದ್ದು ನನ್ನ ಜೊಲ್ಲು. ನೀ ಕೊಟ್ಟದ್ದನ್ನ ಗಟಾರಕ್ಕ ಚೆಲ್ಲಿದೆ. ನನಗ ಹೇಸಿಕಿ ಆಗಿತ್ತು."

ಅವಳಿಗೆ ಕೂಡಲೇ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದೆ. ಡಾಕ್ಟರು ಕೇಳಿದಾಗ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಹುಲ್ಲಿನ ಎಸಳನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಳು. ಬೈಯಲಿ ಎಂದು ಕಾಯುತ್ತಿದ್ದೆ. ಕೂದಲು ಹಿಡಿದು ಎಳೆದರೂ ಸರಿ ಎನ್ನಿಸಿತ್ತು. ಬೈಸಿಕೊಂಡು, ಅತ್ತು, ಹಗುರಾಗಿ ಸಂಜೆಯ ಬಸ್ಸಿಗೆ ಮರಳುವ ಆಸೆಯೂ ಇತ್ತು ಎಂದು ಈಗ ಅನ್ನಿಸುತ್ತದೆ.

ಎಸಳನ್ನು ಕೆಳಗಿಟ್ಟು ಅವಳು ಕೇಳಿದಳು, "ನಂದೊಂದ ಏನು?"

ಆರು ವರ್ಷ ನಾನು ಹಣೆ ಚಚ್ಚಿಕೊಂಡದ್ದು ಇವಳೊಬ್ಬಳಿಗಾಗಿ. ಇವಳು ಸಾವಿನ ಬಾಗಿಲಿಗೆ ಹೋಗಿಬಂದಿದ್ದಳು, ಅದಕ್ಕೆ ನೆನಪಿದ್ದಳು. "ಇಲ್ಲಕ್ಕ. ಇನ್ನೂ ಐದ ಮಂದೀದು."

"ಯಾರ್‍ಯಾರು?"

ಮೂರು ಹೆಸರು ಹೇಳಿದೆ. ಉಳಿದ ಎರಡು ನೆನಪಾಗಲಿಲ್ಲ. ಅವರ ಹೆಸರಿನ ಚೀಟಿಗಳನ್ನು ಈ ಕೈಯಿಂದಲೇ ಅಂಟಿಸಿದ್ದೆ. ದುರುಗಮ್ಮ ನನ್ನನ್ನು ಆಗ ನೋಡಿದ ನೋಟವನ್ನು ಬರೆಯಲಾರೆ. "ಆ ವಾರ ನನ್ನ ಜೋಡಿ ಹೊತ್ತ ಹುಟ್ಟೂದರೊಳಗ ಟ್ರ್ಯಾಕ್ಟರ್ ಹತ್ತಿದೋರು ಇನ್ನಾ ಇಬ್ಬರು. ದ್ಯಾಮವ್ವ, ಹುಸೇನಬಿ," ಎಂದು ಅವಳೇ ಹೇಳಿಕೊಟ್ಟಳು.

"ಈರಮ್ಮ ಎರಡ ವರ್ಷದಿಂದ ಕೈಕಾಲಾಗ ಶಕ್ತಿ ಇಲ್ಲ ಅಂತಾಳ," ಎಂದಳು ಮತ್ತೆ. ನಾನು ಹೇಳಿದ ಮೂರು ಹೆಸರಿನಲ್ಲಿ ಈರಮ್ಮನದೂ ಇತ್ತು. "ಏನ ಐತೋ ಏನಿಲ್ಲೋ, ದೇವರಿಗೆ ಗೊತ್ತು. ಆಕಿ ದವಾಖಾನಿಗೆ ಹೋಗ್ತೀನಿ ಅಂದ್ರ, ಪರೀಕ್ಷಾ ಆಗೈತಲ್ಲ ನಿನಗ, ಡಾಕ್ಟರ ಕಾಗದ ಕೊಟ್ಟಾರಲ್ಲ ಅಂತ ಆಕಿ ಮಗಾ ಆ ಕಾಗದಾ ತೋರಿಸ್ತಾನ."

ನಾನು ಏನೋ ಹೇಳಲು ಹೋದೆ. ನನ್ನ ಲ್ಯಾಬಿನಲ್ಲಿ ಅವರೆಲ್ಲರ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಯಾವ ಕಾರಣಕ್ಕೆ ಎಂದು ಅವರಿಗೆ ಹೇಳುವುದು ಬೇಡ ಎಂದು ಗೊಣಗಿದೆ. ದುರುಗಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎದ್ದು, ಸೀರೆಗೆ ಅಂಟಿದ ಹುಲ್ಲು ಕೊಡವಿ, ಸೆರಗು ತಲೆ ಮೇಲೆ ಎಳೆದುಕೊಂಡು, "ನಡಿ," ಎಂದಳು. ಅವಳು ಮುಂದೆ, ನಾನು ಹಿಂದೆ. ಬಿಳಿ ಕೋಟು ಹಾಕಿಕೊಂಡು ತಿರುಗಿದ ಅದೇ ಓಣಿ. ಕಟ್ಟೆಗಳ ಮೇಲೆ ಕೂತವರು ಗುರುತು ಹಿಡಿದು ಕೈಮುಗಿದರು.

ಈರಮ್ಮ ಒಲೆಯ ಮುಂದಿನಿಂದ ಎದ್ದು, ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ನನ್ನನ್ನು ಕಂಡು ಅವಳ ಮುಖ ಅರಳಿತು. "ಯವ್ವಾ, ಸಿಸ್ಟರ್ ಬಂದಾರ! ಎಷ್ಟ ವರ್ಷ ಆತ್ರಿ ನೋಡಿ. ಬರ್ರಿ, ಒಳಗ ಬರ್ರಿ, ಚಾ ಮಾಡ್ತೀನಿ."

ದುರುಗಮ್ಮ ನನ್ನ ಬೆನ್ನಿಗೆ ಕೈಯಿಟ್ಟು ಒಂದು ಹೆಜ್ಜೆ ಮುಂದಕ್ಕೆ ದೂಡಿದಳು.

"ಚಾ ಆಮ್ಯಾಲ ಮಾಡೀವಂತ ಈರಮ್ಮ," ಎಂದಳು. "ಮೊದಲ ಈಕಿ ಹೇಳೂದು ಕೇಳು."